ಗಾಳಿಗೂ ಕಂದಾಯ ಕಟ್ಟಿದೆವು

ನಮ್ಮ ತಾತನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಪ್ರದೇಶ ಸಮಾಚಾರ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅವರಿಗೆ ಗಡಿಯಾರವಿಲ್ಲದೆ ಗೊತ್ತಿತ್ತು.

ಸರಗೂರು ಕಡೆಯ ನಮ್ಮೂರಿನಲ್ಲಿ ಪಂಚಾಯ್ತಿ ರೇಡಿಯೋ ಒಂದಿತ್ತು. ಚಾವಡಿಯ ಒಳಗೆ, ಮರದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಮಡಗಿದ್ದರು. ಬೀಗದ ಕೈ ಊರಿನ ದೊಡ್ಡವರ ಸೊಂಟದಲ್ಲಿ. ಸಂಜೆ ಅವರು ಬಂದು ಕಿವಿ ತಿರುವಿದರೆ ಅದು ಮಾತಾಡುತ್ತಿತ್ತು. ಊರಿನವರು ಜಗಲಿ ಮೇಲೆ ಕೂತು ಕೇಳುತ್ತಿದ್ದರು. ನಮ್ಮ ಕೇರಿಯವರು ಗೋಡೆಯಾಚೆ ನಿಂತು ಕೇಳುತ್ತಿದ್ದರು. ತಾತ ಇದನ್ನು ಸಿಟ್ಟಿನಿಂದ ಹೇಳುತ್ತಿರಲಿಲ್ಲ. "ಗೋಡೆ ಆಚೆಗೂ ಚೆನ್ನಾಗೇ ಕೇಳುಸ್ತಿತ್ತು ಕನ್ ಮಗ. ರೇಡಿಯೋಕೆ ಜಾತಿ ಇರ್ಲಿಲ್ಲ. ಅದ ಮಡಗಿದ್ ಜಾಗಕ್ಕೆ ಇತ್ತು" ಅನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರು ನಾವು. ಆ ರೇಡಿಯೋಗೆ ದುಡ್ಡು ಕೊಟ್ಟವರು ಯಾರು, ಬೀಗದ ಕೈ ಇಟ್ಟುಕೊಂಡವರು ಯಾರು, ಅದರೊಳಗೆ ಮಾತಾಡಿದವರು ಯಾರು ಎಂಬ ಮೂರು ಪ್ರಶ್ನೆ ಇಟ್ಟುಕೊಂಡು ಹಳೆಯ ಚರಿತ್ರೆಯನ್ನು ಒಂದಿಷ್ಟು ಕೆದಕಿ ನೋಡಿದೆವು. ಮೂರಕ್ಕೂ ಬೇರೆ ಬೇರೆ ಉತ್ತರ ಸಿಕ್ಕಿತು. ಈ ದೇಶದ ಬಾನುಲಿ ಚರಿತ್ರೆಯ ರೋಗ ಇರುವುದೇ ಅಲ್ಲಿ. ದುಡ್ಡು ಒಬ್ಬರದು, ಬೀಗದ ಕೈ ಇನ್ನೊಬ್ಬರದು, ಬಾಯಿ ಮತ್ತೊಬ್ಬರದು.

1927ನೇ ಇಸವಿಯಿಂದಲೇ ಶುರು ಮಾಡೋಣ. ಆ ವರ್ಷ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರ್ ಮಹಾಡ್‌ನ ಚೌದಾರ್ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ನೀರು ಕುಡಿದರು. ಅದೇ ಮುಂಬೈ ಪ್ರಾಂತ್ಯದಲ್ಲಿ, ನಾಲ್ಕು ತಿಂಗಳು ಕಳೆದು, ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮುಂಬೈ ನಿಲಯವನ್ನು ತೆರೆಯಿತು. ಒಂದು ಕಡೆ ನೀರಿನ ಹಕ್ಕು, ಇನ್ನೊಂದು ಕಡೆ ಗಾಳಿಯ ವ್ಯಾಪಾರ. ಆವತ್ತು ಇವೆರಡಕ್ಕೂ ಸಂಬಂಧ ಉಂಟು ಎಂದು ಯಾರೂ ಅಂದುಕೊಂಡಿರಲಿಕ್ಕಿಲ್ಲ. ಸಂಬಂಧ ಇದೆ. ಅದಕ್ಕೆ ಆಮೇಲೆ ಬರುತ್ತೇವೆ.

ಆ ಕಂಪನಿ ಖಾಸಗಿಯವರದು. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೆ 10 ರೂಪಾಯಿ ಲೈಸೆನ್ಸ್ ಕಟ್ಟಬೇಕಿತ್ತು. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕಂಪನಿಗೆ. ಆದರೆ ರೇಡಿಯೋ ಕೊಂಡವರೇ ಕೆಲವು ಸಾವಿರ ಮಂದಿ, ಅದರಲ್ಲೂ ಲೈಸೆನ್ಸ್ ಕಟ್ಟದೆ ತಪ್ಪಿಸಿಕೊಂಡವರು ಬೇರೆ. ಬಂಗಲೆಗಳಲ್ಲಿ ಇದ್ದವರನ್ನೇ ನಂಬಿ ಹೊರಟ ಕಂಪನಿ ಮೂರು ವರ್ಷ ತುಂಬುವ ಮೊದಲೇ, 1930ರಲ್ಲಿ, ದಿವಾಳಿ ಎದ್ದಿತು. ಬ್ರಿಟಿಷ್ ಸರ್ಕಾರ ಅದನ್ನು ವಹಿಸಿಕೊಂಡಿತು. 1933ರಲ್ಲಿ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂತು. ಪರವಾನಗಿ ಇಲ್ಲದೆ ರೇಡಿಯೋ ಇಟ್ಟುಕೊಳ್ಳುವುದು ಅಪರಾಧವಾಯಿತು. 1936ರಲ್ಲಿ ಅದರ ಹೆಸರು ಆಲ್ ಇಂಡಿಯಾ ರೇಡಿಯೋ ಆಯಿತು. ಉಳ್ಳವರ ಚಂದಾ ಹಣದಲ್ಲಿ ನಡೆಯಲಾರದ್ದು ಸರ್ಕಾರದ ಕೈ ಸೇರಿತು. ಸರ್ಕಾರದ ಕೈ ಸೇರಿದ್ದು ಸರ್ಕಾರದ ಬಾಯಿಯಾಯಿತು.

ಆದರೆ ಬೇರೆ ದಾರಿಯೂ ಇತ್ತು. ಮದರಾಸಿನಲ್ಲಿ 1930ರಿಂದ ನಗರಸಭೆಯೇ ಬಾನುಲಿ ನಡೆಸಿತು. ಸಮುದ್ರದ ದಂಡೆಯಲ್ಲಿ ಧ್ವನಿವರ್ಧಕ ಕಟ್ಟಿ, ಮನೆಯಲ್ಲಿ ರೇಡಿಯೋ ಇಲ್ಲದವನೂ ಕೇಳುವ ಹಾಗೆ ಮಾಡಿತು. ನಮ್ಮ ಮೈಸೂರಿನ ಕಥೆ ಇನ್ನೂ ದೊಡ್ಡದು. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವ್ಯಾಟಿನ ಯಂತ್ರ ಹೂಡಿ ಪ್ರಸಾರ ಶುರು ಮಾಡಿದರು. ಹಳೇ ಕಾಲದ ನಲವತ್ತರ ಬಲ್ಬಿಗಿಂತ ಕಡಿಮೆ ಶಕ್ತಿಯ ಯಂತ್ರ ಅದು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಯದು. ದೆಹಲಿಯವರು ಅದನ್ನು ದೇಶಕ್ಕೆಲ್ಲ ಇಟ್ಟುಕೊಂಡದ್ದು ಆಮೇಲೆ. ಸ್ವಂತ ಹಣ, ನಾಲ್ಕು ಜನರ ನೆರವು, ನಗರಸಭೆಯ ಸಹಾಯ, ಇಷ್ಟರಲ್ಲಿ ನಿಲಯ ನಡೆಯಿತು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು.

ಗೋಪಾಲಸ್ವಾಮಿಯವರ ಕೆಲಸವನ್ನು ಸಣ್ಣದು ಮಾಡುವುದು ನಮ್ಮ ಉದ್ದೇಶವಲ್ಲ. ಸರ್ಕಾರದ ಅಪ್ಪಣೆಗೆ ಕಾಯದೆ, ಲಾಭಕ್ಕೆ ಕೈಯೊಡ್ಡದೆ ಒಬ್ಬ ಮೇಷ್ಟ್ರು ಮನೆಯಿಂದ ಬಾನುಲಿ ನಡೆಸಿದ್ದು ಸಣ್ಣ ಮಾತಲ್ಲ. ಆದರೂ ಕೇಳಲೇಬೇಕು: ಆವತ್ತು ಒಂಟಿಕೊಪ್ಪಲಿನ ದನಿ ಯಾರ ಕಿವಿಗೆ ಬಿತ್ತು? ಕರೆಂಟು ಇದ್ದ ಮನೆಗೆ, ವಾಲ್ವ್ ರೇಡಿಯೋ ಕೊಳ್ಳಬಲ್ಲ ಮನೆಗೆ ಬಿತ್ತು. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ದೀಪದ ಎಣ್ಣೆಗೂ ಲೆಕ್ಕ ಹಾಕುತ್ತಿದ್ದ ಜನಕ್ಕೆ ಆ ಆಕಾಶವಾಣಿ ಪುರಾಣದ ಅಶರೀರವಾಣಿಯಷ್ಟೇ ದೂರವಿತ್ತು.

ಸ್ವಾತಂತ್ರ್ಯ ಬಂತು. 1950ರ ಏಪ್ರಿಲ್ 1ರಂದು ಮೈಸೂರು ನಿಲಯ ಕೇಂದ್ರ ಸರ್ಕಾರದ ವಶಕ್ಕೆ ಹೋಯಿತು. 1955ರ ನವೆಂಬರ್‌ನಲ್ಲಿ ಅದನ್ನು ಬೆಂಗಳೂರಿಗೆ ಕಿತ್ತುಕೊಂಡು ಹೋದರು. ಮೈಸೂರಿಗೆ ಮತ್ತೆ ಪೂರ್ಣ ನಿಲಯ ಬಂದದ್ದು 1974ರಲ್ಲಿ. ಮನೆಯೊಂದರಲ್ಲಿ ಹುಟ್ಟಿದ ದನಿ ಸಂಸ್ಥಾನಕ್ಕೆ, ಸಂಸ್ಥಾನದಿಂದ ದೆಹಲಿಗೆ ಹೋಯಿತು. ಪ್ರತಿ ಸಲ ಹಣ ದೊಡ್ಡದಾಯಿತು, ಯಂತ್ರ ದೊಡ್ಡದಾಯಿತು. ಪ್ರತಿ ಸಲ ತೀರ್ಮಾನ ಮಾಡುವ ಕುರ್ಚಿ ಮಾತ್ರ ನಮ್ಮಿಂದ ಇನ್ನಷ್ಟು ದೂರ ಹೋಯಿತು.

ದೂರದ ಕುರ್ಚಿ ಏನು ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧ ಇತ್ತು. ನಮ್ಮ ಹಳ್ಳಿ ನಾಟಕಗಳ ಜೀವವೇ ಹಾರ್ಮೋನಿಯಂ. ಹಾರ್ಮೋನಿಯಂ ಮೇಷ್ಟ್ರು ಇಲ್ಲದೆ ಕುರುಕ್ಷೇತ್ರ ನಾಟಕ ಉಂಟಾ? 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಸಿನಿಮಾ ಹಾಡನ್ನೂ ದೂರ ಇಟ್ಟರು. ಜನ ರೇಡಿಯೋದ ಕಿವಿ ತಿರುವಿ ಸಿಲೋನ್ ಹಾಕಿಕೊಂಡರು. ಕೊನೆಗೆ ದೆಹಲಿ ಸೋತು 1957ರಲ್ಲಿ ವಿವಿಧ ಭಾರತಿ ತೆರೆಯಿತು. ಜನರಿಗೆ ಯಾವುದು ಸಂಗೀತ ಎಂದು ಹೇಳುವ ಅಧಿಕಾರ ಜನರ ದುಡ್ಡಿನಲ್ಲೇ ಸಂಬಳ ತಿನ್ನುವವರಿಗೆ ಇತ್ತು.

ಇನ್ನು ಕಂದಾಯದ ಕಥೆ. ಸ್ವಾತಂತ್ರ್ಯ ಬಂದರೂ ಲೈಸೆನ್ಸ್ ಹೋಗಲಿಲ್ಲ. ಟ್ರಾನ್ಸಿಸ್ಟರ್ ಹಳ್ಳಿಗೆ ಬಂದ ಕಾಲಕ್ಕೆ ಅದು ವರ್ಷಕ್ಕೆ 15 ರೂಪಾಯಿ. ಅಂಚೆ ಕಛೇರಿಗೆ ಹೋಗಿ ಒಂದು ಚಿಕ್ಕ ಪುಸ್ತಕ ಮಾಡಿಸಿ, ಹಣ ಕಟ್ಟಿ, ಸ್ಟಾಂಪು ಅಂಟಿಸಿಕೊಂಡು ಬರಬೇಕು. ನಮ್ಮ ತಾತ ಹೊಗೆಸೊಪ್ಪಿನ ಹೊಲದಲ್ಲಿ ದುಡಿದು ಹಳೇದೊಂದು ಟ್ರಾನ್ಸಿಸ್ಟರ್ ಕೊಂಡಾಗ ದಿನದ ಕೂಲಿ ಮೂರು ರೂಪಾಯಿ ಮುಟ್ಟುತ್ತಿರಲಿಲ್ಲವಂತೆ. ಅಂದ್ರೆ ಗಾಳಿಯಲ್ಲಿ ಬರುವ ಮಾತು ಕೇಳೋದಕ್ಕೆ ವರ್ಷಕ್ಕೆ ಐದಾರು ದಿನದ ದುಡಿಮೆ. ಮೈಸೂರಿನ ಬಂಗಲೆಯವನಿಗೂ ಅದೇ ಹದಿನೈದು, ನಮ್ಮ ತಾತನಿಗೂ ಅದೇ ಹದಿನೈದು. ಕೆರೆ ನೀರಿಗೆ ಭೇದ ಮಾಡಿದ ಸಮಾಜ ಕಂದಾಯಕ್ಕೆ ಮಾತ್ರ ಸಮಾನತೆ ತೋರಿತು!

ಆ ಪುಸ್ತಕ ನಮ್ಮ ಮನೆಯ ಟ್ರಂಕಿನಲ್ಲಿ ಇನ್ನೂ ಇದೆ. ಜಮೀನಿನ ಪತ್ರ ಇಲ್ಲದ ಮನೆಯಲ್ಲಿ ಸರ್ಕಾರದ ಮೊಹರು ಬಿದ್ದ ಒಂದೇ ಹಳೇ ಕಾಗದ ಅದು.

ಸರ್ಕಾರ ಏನೂ ಮಾಡಲಿಲ್ಲ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. 1950ರ ದಶಕದಲ್ಲಿ ಕೇಂದ್ರ, ರಾಜ್ಯ ಸರ್ಕಾರಗಳು ಸೇರಿ ಹಳ್ಳಿಗಳಿಗೆ ಸಮುದಾಯ ರೇಡಿಯೋ ಪೆಟ್ಟಿಗೆ ಹಂಚಿದವು. ನಮ್ಮೂರ ಚಾವಡಿಯ ಪೆಟ್ಟಿಗೆಯೂ ಇಂಥದ್ದೇ. 1956ರಲ್ಲಿ ಪುಣೆ ಸುತ್ತಿನ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ರೇಡಿಯೋ ರೈತಕೂಟಗಳ ಪ್ರಯೋಗ ನಡೆಯಿತು. ಜನ ಕೂತು ಕೇಳುವುದು, ಚರ್ಚೆ ಮಾಡುವುದು, ಪ್ರಶ್ನೆಯನ್ನು ನಿಲಯಕ್ಕೆ ಬರೆದು ಕಳಿಸುವುದು. ಕೇಳುವವನೂ ಮರಳಿ ಮಾತಾಡುವ ದಾರಿ ಅಲ್ಲಿ ಕಂಡಿತು. 1959ರಲ್ಲಿ ಅದನ್ನು ದೇಶಕ್ಕೆಲ್ಲ ಹಬ್ಬಿಸಲು ಹೊರಟರು. ಆದರೆ ಪೆಟ್ಟಿಗೆ ಎಲ್ಲಿ ಇಡಬೇಕು ಎಂಬ ಪ್ರಶ್ನೆಯನ್ನು ಯಾರೂ ನಮ್ಮಂಥವರನ್ನು ಕೇಳಲಿಲ್ಲ.

1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದಿಂದ ಕಡ ತಂದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯ ಹಳ್ಳಿಗಳು ಅದರಲ್ಲಿದ್ದವು. ವರ್ಷ ತುಂಬಿತು, ಉಪಗ್ರಹವನ್ನು ಅವರು ವಾಪಸು ಎಳೆದುಕೊಂಡರು. ಕಡ ತಂದ ಕಣ್ಣು ಎಷ್ಟು ದಿನ ನೋಡೀತು?

ಅದೇ ಹೊತ್ತಿಗೆ ದೇಶದಲ್ಲಿ ತುರ್ತುಪರಿಸ್ಥಿತಿ ಇತ್ತು. ಆಕಾಶವಾಣಿ ಒಬ್ಬರ ವಾಣಿಯಾಯಿತು. ಜನ ಅದನ್ನು 'ಆಲ್ ಇಂದಿರಾ ರೇಡಿಯೋ' ಎಂದು ಕರೆದರು. ಪಾಠ ಸ್ಪಷ್ಟವಾಗಿತ್ತು. ಹಣ ಪೂರ್ತಿ ಸರ್ಕಾರದ ಮರ್ಜಿಯಲ್ಲಿದ್ದರೆ ದನಿಯೂ ಸರ್ಕಾರದ ಮರ್ಜಿಯಲ್ಲೇ. 1966ರಲ್ಲೇ ಚಂದಾ ಸಮಿತಿ ರೇಡಿಯೋ, ಟಿವಿಗಳನ್ನು ಸ್ವಾಯತ್ತ ನಿಗಮಗಳಿಗೆ ಬಿಡಿ ಎಂದಿತ್ತು. ಸರ್ಕಾರ ಆ ವರದಿಯಲ್ಲಿ ತನಗೆ ಬೇಕಾದ್ದನ್ನು ಮಾತ್ರ ಆರಿಸಿಕೊಂಡಿತು. 1967ರ ನವೆಂಬರ್‌ನಲ್ಲಿ ವಿವಿಧ ಭಾರತಿಗೆ ಜಾಹೀರಾತು ಬಂತು. ಸೋಪಿಗೆ, ಹಲ್ಲುಪುಡಿಗೆ ಬಾಗಿಲು ತೆರೆಯಿತು, ಸ್ವಾತಂತ್ರ್ಯಕ್ಕೆ ತೆರೆಯಲಿಲ್ಲ. 1978ರಲ್ಲಿ ಬಿ.ಜಿ. ವರ್ಗೀಸ್ ಸಮಿತಿ 'ಆಕಾಶ ಭಾರತಿ' ಎಂಬ ಸ್ವತಂತ್ರ ನ್ಯಾಸ ಬೇಕು, ಸ್ಥಳೀಯ ನಿಲಯಗಳು ಬೇಕು ಎಂದಿತು. 1979ರಲ್ಲಿ ಜನತಾ ಸರ್ಕಾರ ತಂದ ಮಸೂದೆಯಲ್ಲಿ ಅದರ ಹಲ್ಲು ಅರ್ಧ ಉದುರಿತ್ತು. ಲೋಕಸಭೆ ವಿಸರ್ಜನೆಯಾಗಿ ಅದೂ ಹೋಯಿತು. 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಪಾಸಾಯಿತು. ಜಾರಿಗೆ ತರಲು ಮತ್ತೆ ಏಳು ವರ್ಷ, 1997.

ಈ ನಡುವೆ 1985ರಲ್ಲಿ ರೇಡಿಯೋ, ಟಿವಿ ಲೈಸೆನ್ಸ್ ರದ್ದಾಯಿತು. ಜನ ಸಂತೋಷಪಟ್ಟರು, ನಾವೂ ಪಡಬೇಕಾದ್ದೇ. ಬಡವನ ಮೇಲಿನ ಒಂದು ಭಾರ ಇಳಿಯಿತು. ಆದರೆ ಇದರಿಂದ ರೇಡಿಯೋ ಪುಕ್ಕಟೆ ಆಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಂಕಿಪೊಟ್ಟಣ, ಬಟ್ಟೆ, ಎಣ್ಣೆ ಕೊಳ್ಳುವಾಗ ನಾವು ಕಟ್ಟುವ ತೆರಿಗೆಯಿಂದಲೇ ಅದು ನಡೆಯುತ್ತಿದೆ. ಮೊದಲು ರಶೀದಿ ಇತ್ತು, ಈಗ ರಶೀದಿ ಇಲ್ಲ. ರಶೀದಿ ಇದ್ದವನು 'ನನ್ನ ದುಡ್ಡಿಗೆ ಏನು ಕೊಟ್ಟೆ' ಎಂದು ಕೇಳಬಲ್ಲ. ರಶೀದಿ ಇಲ್ಲದವನಿಗೆ 'ನಾವು ಕೊಟ್ಟಿದ್ದನ್ನ ಕೇಳಿಕೊಂಡು ಸುಮ್ಮನಿರು' ಎನ್ನುತ್ತಾರೆ. ಭಾರ ಹೋದ ಹಾಗೆ ಹಕ್ಕಿನ ಗುರುತೂ ಹೋಯಿತು.

ಈಗ ಮಹಾಡ್ ಕೆರೆಗೆ ಬರೋಣ. ಚೌದಾರ್ ಕೆರೆಯನ್ನು ಅಲ್ಲಿನ ಪುರಸಭೆ 1924ರಲ್ಲೇ ಎಲ್ಲರಿಗೂ ಮುಕ್ತ ಎಂದು ಠರಾವು ಮಾಡಿತ್ತು. ಕಾಗದದಲ್ಲಿ ಮುಕ್ತ. ಆದರೂ ಅಸ್ಪೃಶ್ಯರು ಒಂದು ಬೊಗಸೆ ನೀರು ಕುಡಿಯಲು 1927ರಲ್ಲಿ ಹೋರಾಟವೇ ಬೇಕಾಯಿತು. ಇನ್ನು 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕ್ರಿಕೆಟ್ ಪಂದ್ಯದ ಪ್ರಸಾರದ ತಕರಾರೊಂದರಲ್ಲಿ ತೀರ್ಪು ಕೊಡುತ್ತಾ, ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ, ಅವನ್ನು ಸಾರ್ವಜನಿಕ ಹಿತಕ್ಕೆ ಬಳಸಬೇಕು ಎಂದಿತು. ಪ್ರಸಾರ ಭಾರತಿ ಕಾಯ್ದೆಯ 12ನೇ ಕಲಮು ಸಾಮಾಜಿಕ ನ್ಯಾಯ ಬೆಳೆಸುವುದು, ಶೋಷಣೆ, ಅಸಮಾನತೆ, ಅಸ್ಪೃಶ್ಯತೆಯ ವಿರುದ್ಧ ಹೋರಾಡುವುದು ಸಂಸ್ಥೆಯ ಕರ್ತವ್ಯ ಎಂದು ಬರೆದಿದೆ. ಓದಿದಾಗ ನಮಗೆ ಆಶ್ಚರ್ಯವಾಯಿತು. ಅಸ್ಪೃಶ್ಯತೆ ಎಂಬ ಪದ ಹಾಕಿಯೇ ಬರೆದಿದ್ದಾರೆ!

ಆದರೆ ಅದೇ ಕಾಯ್ದೆಯ ಆಡಳಿತ ಮಂಡಳಿಯ ಪಟ್ಟಿ ನೋಡಿ. ಅಧ್ಯಕ್ಷರು, ಹಣಕಾಸಿನವರು, ಸಿಬ್ಬಂದಿ ವಿಭಾಗದವರು, ಮಹಾನಿರ್ದೇಶಕರು, ಮಂತ್ರಾಲಯದ ಪ್ರತಿನಿಧಿ, ಸಾರ್ವಜನಿಕ ಜೀವನದ ಗಣ್ಯರು, ನೌಕರರ ಪ್ರತಿನಿಧಿಗಳು. ಕೇಳುಗನಿಗೆ ಎಂದು ಒಂದು ಕುರ್ಚಿ ಇಲ್ಲ. ಹಣಕ್ಕೆ ಪ್ರತಿ ವರ್ಷ ಕೇಂದ್ರದ ಬಜೆಟ್ ಕಡೆಗೇ ನೋಡಬೇಕು. ಸ್ವಾಯತ್ತ ಎಂದು ಬೋರ್ಡು ಹಾಕಿ, ಉಪ್ಪು ಹುಳಿಗೆ ಒಡೆಯನ ಮನೆ ಬಾಗಿಲಲ್ಲಿ ನಿಲ್ಲಿಸಿದ ಹಾಗಾಯಿತು. ಕೆರೆ ಸಾರ್ವಜನಿಕ, ಸೋಪಾನ ಅವರದು.

ಇಷ್ಟು ಹೇಳಿ ದೆಹಲಿಯನ್ನು ಬೈದು ಮುಗಿಸಬಹುದಿತ್ತು. ಆದರೆ ನಮ್ಮ ಸರಗೂರಿನಲ್ಲೇ ಒಂದು ಕಂಬ ನಿಂತಿದೆ.

ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆ 2012ರಲ್ಲಿ ಸರಗೂರಿನಲ್ಲಿ 'ಜನಧ್ವನಿ' ಎಂಬ ಸಮುದಾಯ ಬಾನುಲಿ ಶುರು ಮಾಡಿತು. 90.8ಕ್ಕೆ ತಿರುವಿದರೆ ಸಿಗುವುದು ಅದೇ. ಸಂಘ ಸಂಸ್ಥೆಗಳೂ ಬಾನುಲಿ ನಡೆಸಬಹುದು ಎಂದು ಕೇಂದ್ರ ಒಪ್ಪಿದ್ದು 2006ರಲ್ಲಿ. ಅದಕ್ಕೂ ಮೊದಲು ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ಪರವಾನಗಿ ಸಿಗದೆ ಇದ್ದಾಗ ಕೇಬಲ್ ಎಳೆದು 'ನಮ್ಮ ಧ್ವನಿ'ಯನ್ನು ಮನೆ ಮನೆಗೆ ಮುಟ್ಟಿಸಿದ್ದರು. ಗಾಳಿ ಕೊಡದಿದ್ದರೆ ತಂತಿ ಸಾಕು ಎಂದವರು ಅವರು.

ಸಮುದಾಯ ಬಾನುಲಿಗೆ ಇರುವ ಹಗ್ಗ ಎಷ್ಟು ಗಿಡ್ಡ ನೋಡಿ. ಶಕ್ತಿ 100 ವ್ಯಾಟು. ಹತ್ತು ಹದಿನೈದು ಕಿಲೋಮೀಟರ್ ಮುಟ್ಟಿದರೆ ಹೆಚ್ಚು. ಸರಗೂರಿನ ಕಂಬದ ದನಿ ಕೇರಳದ ಗಡಿಯ ಡಿ.ಬಿ. ಕುಪ್ಪೆಯ ಹಾಡಿಗಳಿಗೆ ಹೋಗಲಾರದು. ಖರ್ಚಿಗೆ ಜಾಹೀರಾತು ತೆಗೆದುಕೊಳ್ಳಬಹುದು, 2024ರ ನಿಯಮದ ಪ್ರಕಾರ ಗಂಟೆಗೆ 12 ನಿಮಿಷ. ಆದರೆ ಜೇನುಕುರುಬರ ಹಾಡಿಗೆ ಮಾತಾಡುವ ಬಾನುಲಿಗೆ ಯಾವ ಸೋಪಿನ ಕಂಪನಿ ಜಾಹೀರಾತು ಕೊಡುತ್ತದೆ? ಕೊಳ್ಳುವ ಕೈ ಇಲ್ಲದ ಕಡೆ ಜಾಹೀರಾತು ಬಾರದು. ಉಳಿದದ್ದು ಸರ್ಕಾರಿ ಇಲಾಖೆಗಳ ಪ್ರಚಾರ, ದಾನಿಗಳ ನೆರವು. ಇನ್ನು ಸುದ್ದಿ. ಸ್ವಂತ ಸುದ್ದಿ ಮಾಡುವ ಹಾಗಿಲ್ಲ, ಆಕಾಶವಾಣಿಯದ್ದನ್ನು ಇದ್ದ ಹಾಗೇ ಹಾಕಬೇಕು. ಹವಾಮಾನ ಹೇಳಬಹುದು, ಪರೀಕ್ಷೆಯ ದಿನ ಹೇಳಬಹುದು. ಅದೇ 2006ರಲ್ಲಿ ಪಾರ್ಲಿಮೆಂಟು ಅರಣ್ಯ ಹಕ್ಕು ಕಾಯ್ದೆ ಮಾಡಿತಲ್ಲ, ಅದರಡಿ ಹಾಕಿದ ಅರ್ಜಿ ಯಾಕೆ ವಜಾ ಆಯಿತು ಎಂದು ಹಾಡಿಯ ಯಜಮಾನನನ್ನೂ ಅಧಿಕಾರಿಯನ್ನೂ ಎದುರು ಕೂರಿಸಿ ಸುದ್ದಿ ಮಾಡಲು ಬಾರದು. ಹಾಡು ಹೇಳು, ಕಥೆ ಹೇಳು, ಲೆಕ್ಕ ಮಾತ್ರ ಕೇಳಬೇಡ.

ಈ ಸೀಮೆಗೆ ಇದು ಸಣ್ಣ ವಿಷಯವಲ್ಲ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು, 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಅದೇ 1974ರಲ್ಲಿ ಮೈಸೂರಿಗೆ ಆಕಾಶವಾಣಿ ಮರಳಿತು. ಕಾಡಿನಿಂದ ಹೊರಬಿದ್ದವರು, ಹೊಲ ಮನೆ ನೀರಿಗೆ ಬಿಟ್ಟವರು ಇದ್ದದ್ದು ಇಲ್ಲಿಯೇ. ಅವರ ದನಿಯನ್ನು ಅವರ ಮಾತಿನಲ್ಲೇ, ದಿನ ದಿನ, ಹೇಳಿ ಕೇಳುವ ಒಂದು ಬಾನುಲಿ ಆಗ ಇದ್ದಿದ್ದರೆ! ಇವತ್ತು ಜೇನುಕುರುಬರ, ಎರವರ ಮಾತು ಆಡುವವರು ಕಡಿಮೆಯಾಗುತ್ತಿದ್ದಾರೆ. ಮಂಟೇಸ್ವಾಮಿಯ ಪದ ಹೇಳುವ ನೀಲಗಾರರು ಮುದುಕರಾಗುತ್ತಿದ್ದಾರೆ. ಹೋದ ದನಿಯನ್ನು ಯಾವ ಬಜೆಟ್ಟೂ ವಾಪಸು ತಾರದು.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ರೇಡಿಯೋ ಯಾಕೆ ಎಂದು ಪಟ್ಟಣದ ಗೆಳೆಯರು ಕೇಳುತ್ತಾರೆ. ಕಾಡಂಚಿನಲ್ಲಿ ಸಿಗ್ನಲ್ ಹುಡುಕಿಕೊಂಡು ಮರ ಹತ್ತಿದವರಿಗೆ ಅದರ ಉತ್ತರ ಗೊತ್ತು. 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿದ ಹಾಗೆ ಮತ್ತೆ ಉಕ್ಕಿದಾಗ, ಕರೆಂಟು ಹೋದಾಗ, ಎರಡು ಸೆಲ್ಲಿನ ರೇಡಿಯೋ ಮಾತಾಡುತ್ತದೆ. ಮೊಬೈಲಿನಲ್ಲಿ ಬರುವುದನ್ನು ಆರಿಸುವವರು ಯಾರೋ ದೂರದ ಕಂಪನಿಯವರು. ಅವರನ್ನು ಗ್ರಾಮಸಭೆಗೆ ಕರೆದು ಕೇಳಲಾದೀತೆ?

ಹೊರಗಿನ ದೇಶಗಳನ್ನೂ ನೋಡೋಣ. ಜರ್ಮನಿಯಲ್ಲಿ 2013ರಿಂದ ಮನೆಗೆ ಇಷ್ಟು ಎಂದು ಪ್ರಸಾರದ ವಂತಿಗೆ ಇದೆ. ಎಷ್ಟು ಬೇಕು ಎಂದು ಲೆಕ್ಕ ಹಾಕುವುದು ಸ್ವತಂತ್ರ ಆಯೋಗ. ಸರ್ಕಾರದ ನೆರವಿನಲ್ಲಿ ಬದುಕುವ ಬಡವರಿಗೆ ವಿನಾಯಿತಿ. ಫಿನ್ಲೆಂಡಿನಲ್ಲಿ ಅದೇ ವರ್ಷ ಲೈಸೆನ್ಸ್ ತೆಗೆದು ಆದಾಯಕ್ಕೆ ತಕ್ಕ ತೆರಿಗೆ ಮಾಡಿದರು, ಕಡಿಮೆ ಆದಾಯದವರು ಕಟ್ಟುವ ಹಾಗಿಲ್ಲ. ಅಮೆರಿಕದಲ್ಲಿ 2025ರಲ್ಲಿ ಸಾರ್ವಜನಿಕ ಪ್ರಸಾರಕ್ಕೆ ಮೊದಲೇ ಮಂಜೂರಾಗಿದ್ದ 110 ಕೋಟಿ ಡಾಲರನ್ನು ಅಲ್ಲಿನ ಕಾಂಗ್ರೆಸ್ ವಾಪಸು ಪಡೆಯಿತು. ದೊಡ್ಡ ನಗರಗಳ ನಿಲಯಗಳಿಗೆ ದಾನಿಗಳಿದ್ದಾರೆ. ಹೆಚ್ಚು ಪೆಟ್ಟು ತಿಂದದ್ದು ಹಳ್ಳಿಗಾಡಿನ, ಮೂಲನಿವಾಸಿಗಳ ಸಣ್ಣ ನಿಲಯಗಳು. ಸರಗೂರಿನ ಕಥೆ ಅಲ್ಲೂ ಉಂಟು.

ಆದ್ದರಿಂದ ನಾವು ಕೇಳುವುದು ಇಷ್ಟು. ಸಾರ್ವಜನಿಕ ಬಾನುಲಿಯ ಹಣ ವರ್ಷ ವರ್ಷ ಮಂತ್ರಿಗಳ ಕೈ ನೋಡುವಂತಿರಬಾರದು. ಐದು ವರ್ಷಕ್ಕೆ ಇಷ್ಟು ಎಂದು ಸ್ವತಂತ್ರ ಆಯೋಗವೊಂದು ಗೊತ್ತು ಮಾಡಬೇಕು. ಅದು ಬಡವನ ಹದಿನೈದು ರೂಪಾಯಿಯಿಂದ ಬರಬಾರದು. ಎಫ್‌ಎಂ ವಾಹಿನಿಗಳಿಗೆ, ಮೊಬೈಲ್ ಕಂಪನಿಗಳಿಗೆ ತರಂಗಗಳನ್ನು ಹರಾಜು ಹಾಕಿ ಸರ್ಕಾರ ಹಣ ಮಾಡುತ್ತಿದೆ. ಗಾಳಿ ಎಲ್ಲರ ಆಸ್ತಿಯಾದರೆ ಹರಾಜಿನ ಹಣದಲ್ಲಿ ಒಂದು ಪಾಲು ಗಾಳಿಯಲ್ಲಿ ದನಿ ಇಲ್ಲದವರಿಗೆ ಬರಬೇಕು. 2023ರಲ್ಲಿ ಕೇಂದ್ರ ಪ್ರಸಾರ ಭಾರತಿಯ ಯಂತ್ರ, ಜಾಲಗಳಿಗೆ 2,539 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಕಂಬಕ್ಕೆ ಹಣ ಉಂಟು ಎಂದಾಯಿತು. ಕಂಬದ ಕೆಳಗೆ ಕೂತು ಮಾತಾಡುವವನಿಗೆ ಎಷ್ಟು?

ಪ್ರತಿ ನಿಲಯಕ್ಕೂ ಕೇಳುಗರ ಮಂಡಳಿ ಇರಲಿ. ಅದರಲ್ಲಿ ದಲಿತರು, ಆದಿವಾಸಿಗಳು, ಕೂಲಿ ಹೆಂಗಸರು ಹಕ್ಕಿನಿಂದ ಕೂರಲಿ, ಯಾರ ದಯೆಯಿಂದಲೂ ಬೇಡ. ಸಮುದಾಯ ಬಾನುಲಿಗೆ ಸ್ಥಳೀಯ ಸುದ್ದಿ ಮಾಡುವ ಹಕ್ಕು ಸಿಗಲಿ. ಇನ್ನೊಂದು ಸುಲಭದ ಬೇಡಿಕೆ: ವರ್ಷಕ್ಕೊಮ್ಮೆ ಪ್ರತಿ ನಿಲಯವೂ ತನ್ನ ಜಮಾ ಖರ್ಚನ್ನು ಬಾನುಲಿಯಲ್ಲೇ, ನಮ್ಮ ಕನ್ನಡದಲ್ಲಿ, ಓದಿ ಹೇಳಲಿ. ಓದಲು ಬಾರದ ತಾತಂದಿರಿಗೂ ಅದು ರಶೀದಿಯಾಗುತ್ತದೆ.

ಹಳ್ಳಿ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಇದಕ್ಕೆಲ್ಲ ದೆಹಲಿಯ ಅಪ್ಪಣೆ ಬೇಕು ಎಂದು ಸುಮ್ಮನೆ ಕೂರಬೇಡಿ. ನಿಮ್ಮ ಸೀಮೆಯ ನಿಲಯಕ್ಕೆ ನಿಮ್ಮ ಕೇರಿಯ ಹಾಡುಗಾರ್ತಿಯನ್ನು ಕರೆದುಕೊಂಡು ಹೋಗಿ. ಯಾಕೆ ಇಲ್ಲಿಯವರೆಗೆ ಕರೆಯಲಿಲ್ಲ ಎಂದು ಕಾಗದ ಬರೆಯಿರಿ, ಉತ್ತರ ಕೇಳಿ. ಎಷ್ಟು ದಲಿತರು, ಎಷ್ಟು ಆದಿವಾಸಿಗಳು ಈ ವರ್ಷ ಮೈಕಿನ ಮುಂದೆ ಕೂತರು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 12ನೇ ಕಲಮನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ.

ಅಂಬೇಡ್ಕರ್ 1954ರ ಅಕ್ಟೋಬರ್ 3ರಂದು ಇದೇ ಆಕಾಶವಾಣಿಯಲ್ಲಿ ಮಾತಾಡಿದ್ದರು. ಸ್ವಾತಂತ್ರ್ಯ, ಸಮಾನತೆ, ಸೋದರತೆ ತಮ್ಮ ತತ್ವ, ಅದನ್ನು ತಾವು ಕಲಿತದ್ದು ಬುದ್ಧನಿಂದ ಎಂದಿದ್ದರು. ಆ ಸಂಜೆ ನಮ್ಮೂರ ಚಾವಡಿಯ ಬೀಗ ತೆಗೆದಿದ್ದರೋ ಇಲ್ಲವೋ, ಹೇಳುವವರು ಈಗ ಯಾರೂ ಉಳಿದಿಲ್ಲ. ತೆಗೆದಿದ್ದರೂ ಕೇರಿಯವರು ಅದನ್ನು ಗೋಡೆಯಾಚೆ ನಿಂತೇ ಕೇಳಬೇಕಿತ್ತು.

ತಾತ ಹೋಗಿ ಕೆಲವು ವರ್ಷವಾಯಿತು. ಲೈಸೆನ್ಸ್ ಪುಸ್ತಕ ಟ್ರಂಕಿನಲ್ಲಿದೆ. ಅದರ ಕೊನೆಯ ಕೆಲವು ಹಾಳೆ ಖಾಲಿ ಉಳಿದಿವೆ. ನಾವು ಕಟ್ಟಬೇಕಾದ್ದನ್ನು ಕಟ್ಟಿಯಾಗಿದೆ. ಈಗ ಬೀಗದ ಕೈ ಕೇಳಲು ಹೊರಟಿದ್ದೇವೆ.